ಸ್ವಭಾವದ ರೋಗ

ನಾಜಮೀನಳಿಗೆ ಹುಚ್ಚು ಹಿಡಿದಿದೆ ಎಂದು ಡಾಕ್ಟರು ಹೇಳಿದ್ದರೆ ರೋಣದ ಆ ಓಣಿಯ ಜನ ಅವಳನ್ನು ಕನಿಕರದಿಂದ ಕಾಣುತ್ತಿದ್ದರೇನೋ. ಹುಚ್ಚಿಗೆ ದರ್ಗಾ ಇದೆ, ತಾಯಿತ ಇದೆ, ಅಮಾಸೆ ಹುಣ್ಣಿಮೆಯ ನೆಪ ಇದೆ. ಆದರೆ ಹುಬ್ಬಳ್ಳಿಯ ಡಾಕ್ಟರು ಹಾಗೆ ಹೇಳಲಿಲ್ಲ. "ಇದು ಹುಚ್ಚಲ್ಲ, ಸ್ವಭಾವದ ರೋಗ," ಎಂದರು. ಅವಳ ಅತ್ತೆ ಖಾಜಾಬಿ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ಬಸ್ಸಿಳಿದ ಸಂಜೆಯೇ ಓಣಿಗೆಲ್ಲ ಹಂಚಿದಳು.

"ಏನೂ ರೋಗ ಇಲ್ಲಂತವಾ ಆಕಿಗೆ. ಸ್ವಭಾವನಽ ಕೆಟ್ಟಂತ. ದೊಡ್ಡ ಡಾಕ್ಟರ್ ಹೇಳ್ಯಾರ."

ಇದು ಎರಡು ಸಾವಿರದ ಐದರ ಬೇಸಿಗೆಯ ಮಾತು. ಅಲ್ಲಿಯವರೆಗೆ ನಾಜಮೀನ ಹೇಗಿದ್ದಳು, ಹುಬ್ಬಳ್ಳಿಗೆ ಯಾಕೆ ಹೋಗಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು.

ಅವಳು ಗಜೇಂದ್ರಗಡದ ಗಾದಿ ಜಂಗ್ಲಿಸಾಬನ ಎರಡನೆಯ ಮಗಳು. ಪಿಂಜಾರರ ಮನೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಅಂಗಡಿಯಲ್ಲಿ ಅರಳೆ ಹಿಂಜುವ ಯಂತ್ರ ಶುರುವಾಯಿತೆಂದರೆ ಅಡುಗೆಮನೆಯ ಹಲಗೆಯ ಮೇಲಿನ ಪಾತ್ರೆಗಳು ತಾವೇ ಕುಣಿಯುತ್ತಿದ್ದವು. ಉಳಿದವರ ಕಿವಿಗೆ ಅದು ಇದ್ದೂ ಇಲ್ಲದ ಸದ್ದು. ನಾಜಮೀನಳಿಗೆ ಅದು ಹಲ್ಲಿನ ಬೇರಿಗೆ ಇಳಿಯುತ್ತಿತ್ತು. ಅವಳು ಓಡಿಹೋಗಿ, ಒಟ್ಟಿದ ಗಾದಿಗಳ ನಡುವೆ ತೂರಿಕೊಳ್ಳುತ್ತಿದ್ದಳು. ಗಾದಿಯ ಭಾರ ಮೈಮೇಲೆ ಬಿದ್ದಾಗ ಉಸಿರು ಹದಕ್ಕೆ ಬರುತ್ತಿತ್ತು. ಯಂತ್ರ ನಿಂತ ಮೇಲೆ ತಾಯಿ ಮದರಬಿ ಬಂದು, "ಹೊರಗ ಬಾರವಾ, ನಿಂತೈತಿ," ಎಂದು ಕರೆಯುತ್ತಿದ್ದಳು. ಯಾಕೆ ಹೀಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಒಬ್ಬ ಮಗ ಎಡಚ, ಒಬ್ಬಳು ಮಗಳು ಬದನೆಕಾಯಿ ತಿನ್ನುವುದಿಲ್ಲ, ಇವಳು ಗಾದಿಯೊಳಗೆ ಕೂರುತ್ತಾಳೆ. ಅಷ್ಟೇ.

ಮಾತು ಮಾತ್ರ ಅವಳಿಗೆ ಬೇಗ ಬಂತು. ಕೂಸಾಗಿದ್ದಾಗಲೇ ದೊಡ್ಡವರಂತೆ ಪೂರ್ತಿ ವಾಕ್ಯ ಹೇಳಿ ಗಿರಾಕಿಗಳನ್ನು ನಗಿಸುತ್ತಿದ್ದಳಂತೆ. ಆದರೆ ಸಾಲಿಗೆ ಹೋಗತೊಡಗಿದ ಮೇಲೆ ಒಂದು ಸಂಗತಿ ಅವಳಿಗೇ ತಿಳಿಯಿತು. ಉಳಿದ ಹುಡುಗಿಯರಿಗೆ ಯಾರೂ ಹೇಳಿಕೊಡದೆ ಗೊತ್ತಿದ್ದ ಏನೋ ಒಂದು ತನಗೆ ಗೊತ್ತಿಲ್ಲ. ಯಾವಾಗ ನಗಬೇಕು, ಮಾತಾಡುವವರ ಮುಖವನ್ನು ಎಷ್ಟು ಹೊತ್ತು ನೋಡಬೇಕು, ಒಬ್ಬರು "ಹೊಂಟ್ಯಾ?" ಎಂದರೆ ನಿಜವಾಗಿ ಏನು ಕೇಳುತ್ತಿದ್ದಾರೆ. ಅದಕ್ಕೆ ಅವಳು ಅಕ್ಕ ಕೌಸರಳನ್ನು ನೋಡಿ ಕಲಿಯತೊಡಗಿದಳು. ಕೌಸರ ಬಾಯಿಗೆ ಸೆರಗು ಹಿಡಿದು ನಕ್ಕರೆ ಇವಳೂ ಹಿಡಿಯುತ್ತಿದ್ದಳು. ಕೌಸರ "ಹೌದೇನವಾ! ಖರೇನ?" ಎಂದು ಹುಬ್ಬೇರಿಸಿದರೆ, ಇವಳು ಹಿತ್ತಿಲಲ್ಲಿ ನಿಂತು ಹುಬ್ಬೇರಿಸಿ ನೋಡುತ್ತಿದ್ದಳು. ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಎಷ್ಟು ಕೈಗೆ ಹತ್ತಿತೆಂದರೆ, ರೋಣದಿಂದ ಕನ್ಯೆ ನೋಡಲು ಬಂದವರು, "ಹುಡುಗಿ ಭಾಳ ನಗಮುಖದಾಕಿ," ಎಂದು ಮೆಚ್ಚಿಕೊಂಡು ಹೋದರು.

ಗಂಡ ಇಲಿಯಾಸನದು ಖಾಲಿ ಚೀಲದ ವ್ಯಾಪಾರ. ಕಡಲೆ, ಜೋಳದ ಸುಗ್ಗಿಯಲ್ಲಿ ರೋಣದ ಮಾರುಕಟ್ಟೆಗೆ ಗೋಣಿಚೀಲ ಪೂರೈಸುತ್ತಿದ್ದ. ಗುಣವಂತ, ಆದರೆ ತಾಯಿಯ ಮಾತಿಗೆ ಎದುರಾಡದವನು. ಮನೆಯ ಹಿಂದೆಯೇ ಚೀಲದ ಗೋದಾಮು. ಮುಂದಿನ ಪಡಸಾಲೆಯಲ್ಲಿ ಸದಾ ಜನ, ಸದಾ ಟೀವಿ, ಒಲೆಯ ಮೇಲೆ ಸದಾ ಸೀಟಿ ಹೊಡೆಯುವ ಕುಕ್ಕರ್. ನಾಜಮೀನ ಬೆಳಗಿನಿಂದ ಸಂಜೆಯವರೆಗೆ ಕೌಸರಳಾಗಿ ನಗುತ್ತಿದ್ದಳು, ಕೌಸರಳಾಗಿ ಚಹಾ ಕೊಡುತ್ತಿದ್ದಳು. ಸಂಜೆಯಾಗುತ್ತಲೂ ಅವಳಲ್ಲಿ ಏನೂ ಉಳಿಯುತ್ತಿರಲಿಲ್ಲ. ಗೋದಾಮಿಗೆ ಹೋಗಿ ಚೀಲದ ಒಟ್ಟಿಲ ಸಂದಿಯಲ್ಲಿ ಕೂರುತ್ತಿದ್ದಳು. ಇಲಿಯಾಸ ಒಂದೆರಡು ಸಲ ನೋಡಿದ. "ದಣಿದಿರ್ತಾಳ, ಕುಂದ್ರಲಿ ಬಿಡಬೇ," ಎಂದು ತಾಯಿಗೆ ಹೇಳಿದ.

ಮಗ ಸಲ್ಮಾನ ಹುಟ್ಟಿದ. ಅವನಿಗೆ ಎರಡು ತುಂಬುವ ಹೊತ್ತಿಗೆ, ಇಲಿಯಾಸನ ಅಕ್ಕ ಮಾಬೂಬಿಯ ಮಗಳ ನಿಶ್ಚಿತಾರ್ಥವನ್ನು ರೋಣದ ಮನೆಯಲ್ಲೇ ಇಟ್ಟುಕೊಂಡರು. ಮಾಬೂಬಿಯನ್ನು ಮೆಣಸಗಿಗೆ ಕೊಟ್ಟಿತ್ತು. ಅಲ್ಲಿಂದ ಟ್ರ್ಯಾಕ್ಟರ್ ತುಂಬ ಜನ ಬಂದರು. ಧ್ವನಿವರ್ಧಕವನ್ನು ಪಡಸಾಲೆಯ ಒಳಗೇ ಇಟ್ಟರು. ಹೆಂಗಸರು ನಾಜಮೀನಳ ಕೈ ಹಿಡಿದೆಳೆದು ಮೆಹಂದಿ ಮೆತ್ತಿದರು, ಗಲ್ಲ ಹಿಂಡಿದರು, ಹಾಡು ಅಂದರು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಮತ್ತೆ ನಕ್ಕಳು. ಆಮೇಲೆ ನಗು ಬರಲಿಲ್ಲ. ಎಲ್ಲ ದನಿಗಳೂ ಒಂದಾಗಿ, ಒಂದೇ ಬೆಳ್ಳಗಿನ ಸದ್ದಾಗಿ, ತಲೆಯೊಳಗೆ ತುಂಬಿಕೊಂಡವು. ಗೋದಾಮಿನ ಬಾಗಿಲಿಗೆ ಓಡಿದಳು. ಅಲ್ಲಿ ಅಡುಗೆಯವರು ಕುಳಿತಿದ್ದರು. ಮುಂದಿನದು ಅವಳಿಗೆ ಸರಿಯಾಗಿ ನೆನಪಿಲ್ಲ. ಗೋಡೆಗೆ ತಲೆ ಬಡಿದುಕೊಂಡಳೆಂದೂ, ಮುಂಗೈಯನ್ನು ರಕ್ತ ಬರುವಂತೆ ಕಚ್ಚಿಕೊಂಡಳೆಂದೂ, ಬಿಡಿಸಲು ಬಂದ ಬೀಗಿತಿಯನ್ನು ನೂಕಿದಳೆಂದೂ ಆಮೇಲೆ ಹೇಳಿದರು.

"ನನ್ನ ಮಗಳ ಕಾರ್ಯ ಕೆಡಸಾಕಽ ಮಾಡಿದ್ಲು," ಎಂದು ಮಾಬೂಬಿ ಅತ್ತಳು. ಮೊದಲು ದರ್ಗಾಕ್ಕೆ ಕರೆದೊಯ್ದರು. ಆಮೇಲೆ ಯಾರೋ ಹುಬ್ಬಳ್ಳಿಯ ಮನೋರೋಗದ ಡಾಕ್ಟರ ಹೆಸರು ಹೇಳಿದರು.

ಡಾಕ್ಟರು ಕೆಟ್ಟವರಲ್ಲ. ಹೊರಗೆ ಬೆಂಚು ತುಂಬ ಜನ ಕಾಯುತ್ತಿದ್ದರೂ ದನಿ ಏರಿಸದೆ ಮಾತಾಡಿಸಿದರು. ಖಾಜಾಬಿಯೂ ಇಲಿಯಾಸನೂ ಪಕ್ಕದಲ್ಲೇ ಕುಳಿತಿದ್ದರು.

"ಯಾಕಮ್ಮ ಕೈ ಕಚ್ಚಿಕೊಂಡ್ರಿ?"

"ಸದ್ದು ಭಾಳ ಆಗಿತ್ರಿ."

"ಕಚ್ಚಿಕೊಂಡಾಗ ಏನನಿಸ್ತದೆ?"

"ಹಗರ ಅನಸ್ತೈತ್ರಿ."

"ಸಾಯಬೇಕು ಅಂತ ಅನಿಸಿದ್ದುಂಟಾ?"

"ಹೌದ್ರಿ."

"ಯಾವಾಗ?"

"ಕುಕ್ಕರ್ ಸೀಟಿ ಹೊಡದಾಗ."

ಖಾಜಾಬಿ ಹಣೆ ಬಡಿದುಕೊಂಡಳು. ಡಾಕ್ಟರು ಅವಳಿಗೆ ಸುಮ್ಮನಿರಲು ಕೈ ಮಾಡಿ, "ಯಜಮಾನರು ನಿಮ್ಮನ್ನ ಬಿಟ್ಟು ಹೋದಾರು ಅಂತ ಹೆದರಿಕೆ ಆಗ್ತದಾ?" ಎಂದು ಕೇಳಿದರು.

ನಾಜಮೀನ ಯೋಚಿಸಿದಳು. ಕೇಳಿದ ಪ್ರಶ್ನೆಗೆ ಖರೇ ಉತ್ತರ ಕೊಡಬೇಕು ಎಂಬುದು ಅವಳಿಗೆ ಗೊತ್ತಿದ್ದ ಒಂದೇ ರೀತಿ. "ಸಂಜಿಕ ಬರ್ತೀನಿ ಅಂತ ಹೇಳಿ ಬರಲಿಲ್ಲಂದ್ರ ಎದಿ ಒಡದಂಗ ಆಗತೈತ್ರಿ. ಹೇಳಿದ್ದು ಹೇಳಿದಂಗ ಆಗಬೇಕ್ರಿ ನನಗ."

"ನಾಲ್ಕು ಜನರ ನಡುವೆ ಹೇಗಿರ್ತೀರಿ?"

"ನಮ್ಮಕ್ಕನಂಗ ಇರ್ತೀನ್ರಿ. ಆಕಿ ನಗೂ ಹಂಗ ನಗತೀನಿ. ಇಲ್ಲಿಗೆ ಬಂದ ಮ್ಯಾಲ ಅತ್ತೀದು ಒಂದಷ್ಟು ಮಾತು ಕಲ್ತೀನಿ."

"ಹಾಗಾದ್ರೆ ನೀವು ಯಾರು? ನಿಮ್ಮದೇ ಅಂತ ಏನಿದೆ?"

ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಈ ಮನುಷ್ಯನಿಗೆ ತಿಳಿಯುತ್ತದೆ ಎಂದು ಅವಳಿಗೆ ಒಂದು ಗಳಿಗೆ ಅನಿಸಿತು. "ಅದು ನನಗ ಗೊತ್ತಿಲ್ರೀ," ಎಂದಳು. ಹಾಗೆನ್ನುವಾಗ ಕಣ್ಣಲ್ಲಿ ನೀರು ಬಂತು.

ಡಾಕ್ಟರು ಬರೆದುಕೊಂಡರು. ಚಿಕ್ಕಂದಿನಲ್ಲಿ ಹೇಗಿದ್ದಳು ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಹೇಳಬಲ್ಲವಳು ಗಜೇಂದ್ರಗಡದಲ್ಲಿದ್ದಳು. ಕಾಯಿಲೆಗೆ 'ಬಾರ್ಡರ್‌ಲೈನ್ ಪರ್ಸನಾಲಿಟಿ' ಎಂದು ಹೆಸರು ಹೇಳಿ, ಇಲಿಯಾಸನಿಗೆ ತಿಳಿಸಿ ಹೇಳಿದರು: ಮನಸ್ಸು ಒಂದು ನೆಲೆಯಲ್ಲಿ ನಿಲ್ಲುವುದಿಲ್ಲ, ತನ್ನತನ ಎಂಬುದು ಗಟ್ಟಿಯಿಲ್ಲ, ತನ್ನ ಕಡೆ ನೋಡಲಿ ಎಂದು ಕೆಲವೊಮ್ಮೆ ಮೈಗೆ ಗಾಯ ಮಾಡಿಕೊಳ್ಳುತ್ತಾರೆ. ಗುಳಿಗೆ ಬರೆದರು. "ಪ್ರತಿಯೊಂದಕ್ಕೂ ಗಾಬರಿಯಾಗಿ ಓಡಬೇಡಿ. ಓಡಿದಷ್ಟೂ ಜಾಸ್ತಿ ಮಾಡ್ತಾರೆ," ಎಂದರು.

ಮನೆಯವರು ಆ ಕಡೆಯ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡರು. ಮರುವರ್ಷ ನಾಜಮೀನಳ ದವಡೆ ಹಲ್ಲು ನೋಯತೊಡಗಿತು. ಅವಳು ತನ್ನ ಮಾಮೂಲಿ ದನಿಯಲ್ಲಿ, ಜೋಳದ ಹಿಟ್ಟು ಮುಗಿದಿದೆ ಎಂದು ಹೇಳುವ ಹಾಗೆ, "ಹಲ್ಲು ಭಾಳ ನೋಯಾಕತ್ತೈತಿ," ಎಂದಳು. ಅಷ್ಟು ನೋವಿದ್ದವರು ಹಾಗೆ ಹೇಳುತ್ತಾರೆಯೇ? ಖಾಜಾಬಿ ಲವಂಗ ಕೊಟ್ಟಳು. ಎರಡನೆಯ ಸಲ ಹೇಳಿದಾಗ, "ಶುರುವಾತು ನಾಟಕ," ಎಂದಳು. ಮೂರನೆಯ ಸಲ ನಾಜಮೀನ ಹೇಳಲಿಲ್ಲ. ಗಲ್ಲ ಊದಿ, ಕಣ್ಣು ಮುಚ್ಚಿ, ಜ್ವರದಲ್ಲಿ ನಾಲಿಗೆ ತೊದಲಿದಾಗ ಇಲಿಯಾಸ ಗದಗಿಗೆ ಹೊತ್ತೊಯ್ದ. ಕೀವು ತೆಗೆದ ಡಾಕ್ಟರು, "ಇಷ್ಟ ದಿನ ಏನ ಮಾಡ್ತಿದ್ರಿ?" ಎಂದು ಬೈದರು. ಮನೆಗೆ ಬಂದ ಮೇಲೆ ಇಲಿಯಾಸ ಹೆಂಡತಿಯನ್ನು ಕೇಳಿದ್ದು ಒಂದೇ: "ನೋವಾದ್ರ ಅಳಬೇಕಿಲ್ಲೋ? ಅತ್ತಿದ್ರ ನಮಗ ತಿಳೀತಿತ್ತು."

"ಅತ್ತರ ನಾಟಕ ಅಂತೀರಿ," ಎಂದಳು ನಾಜಮೀನ.

ಅವನಿಗೆ ಸಿಟ್ಟು ಬಂತು. ಅವಳು ಚುಚ್ಚಿ ಮಾತಾಡಿದಳೆಂದು ತಿಳಿದ. ಅವಳು ಕಂಡದ್ದನ್ನು ಹೇಳಿದ್ದಳು.

ಈ ನಡುವೆ ಸಲ್ಮಾನ ಬೆಳೆಯುತ್ತಿದ್ದ. ಮೂರು ದಾಟಿದರೂ ಮಾತಿಲ್ಲ. ಬಾಗಿಲ ಮುಂದಿನ ಚಪ್ಪಲಿಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಡುತ್ತಿದ್ದ. ಯಾರಾದರೂ ಒಂದನ್ನು ಮೆಟ್ಟಿಕೊಂಡು ಹೋದರೆ ಉಸಿರು ಕಟ್ಟುವಂತೆ ಚೀರುತ್ತಿದ್ದ. ಒಣ ರೊಟ್ಟಿಯನ್ನು ಮುರಿದು ಕೊಟ್ಟರೆ ತಿನ್ನುತ್ತಿದ್ದ. ಅದಕ್ಕೆ ಪಲ್ಯ ತಾಗಿದರೆ ಮುಟ್ಟುತ್ತಿರಲಿಲ್ಲ. ಅಜ್ಜಿ ಎತ್ತಿಕೊಂಡು ಮುದ್ದಾಡಲು ಹೋದರೆ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಿದ್ದ. ನಾಜಮೀನ ಅವನನ್ನು ಮುದ್ದಾಡುತ್ತಿರಲಿಲ್ಲ. ಗುಳಿಗೆಯ ಮಂಪರಿನಲ್ಲೂ ಅವನು ಚೀರುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಗೋದಾಮಿಗೆ ಕರೆದೊಯ್ದು ಚೀಲದ ಸಂದಿಯಲ್ಲಿ ಕೂರಿಸಿ, ಮೇಲೊಂದು ಚೀಲ ಹೊದಿಸಿ, ತಾನು ಅವನ ಬೆನ್ನಿಗೆ ಬೆನ್ನು ಕೊಟ್ಟು ಒತ್ತಿ ಕೂರುತ್ತಿದ್ದಳು. ಇಬ್ಬರೂ ಮಾತಿಲ್ಲದೆ ಬಹಳ ಹೊತ್ತು ಇರುತ್ತಿದ್ದರು. ಅವಳ ಮದುವೆಯಾದ ಮೇಲಿನ ದಿನಗಳಲ್ಲಿ ಸುಖದ ಹೊತ್ತು ಯಾವುದೆಂದು ಕೇಳಿದ್ದರೆ ಅದನ್ನೇ ಹೇಳುತ್ತಿದ್ದಳು.

ನಾಲ್ಕು ತುಂಬಿದ ಮೇಲೆ ಅದೇ ಹುಬ್ಬಳ್ಳಿಯ ಡಾಕ್ಟರಿಗೆ ಹುಡುಗನನ್ನು ತೋರಿಸಿದರು. ಈ ಸಲ ಮದರಬಿಯೂ ಮೊಮ್ಮಗನ ಚಿಂತೆಗೆ ಗಜೇಂದ್ರಗಡದಿಂದ ಬಂದಿದ್ದಳು. ಡಾಕ್ಟರು ಮಕ್ಕಳ ವಿಷಯದಲ್ಲಿ ಆಗಷ್ಟೇ ಹೊಸ ತರಬೇತಿ ಪಡೆದು ಬಂದಿದ್ದರು. ಸಲ್ಮಾನನನ್ನು ಬಹಳ ಹೊತ್ತು ನೋಡಿದರು. ಇದಕ್ಕೆ 'ಆಟಿಸಂ' ಅನ್ನುತ್ತಾರೆ ಎಂದರು.

"ಇದು ನಿಮ್ಮ ತಪ್ಪಲ್ಲ, ಅವನ ಹಟ ಅಲ್ಲ. ಹುಟ್ಟಿನಿಂದಲೇ ಅವನ ಮಿದುಳು ಬೇರೆ ತರಾ. ನಮಗೆ ಸಾಮಾನ್ಯ ಅನಿಸೋ ಸದ್ದು ಅವನಿಗೆ ಏಟು ಬಿದ್ದ ಹಾಗೆ. ಮೈ ಮುಟ್ಟಿದ್ರೆ ಆಗೋದಿಲ್ಲ. ಇಟ್ಟದ್ದು ಇಟ್ಟ ಹಾಗೇ ಇರಬೇಕು. ಜನರ ಮುಖ ನೋಡಿ ಮನಸ್ಸು ತಿಳಿಯೋದು ಅವನಿಗೆ ಬರೋದಿಲ್ಲ. ತಡೆಯೋಕಾಗದೇ ಹೋದಾಗ ತಲೆ ಬಡಿದುಕೊಳ್ತಾನೆ, ಕೈ ಕಚ್ಚಿಕೊಳ್ತಾನೆ. ಅದು ಸಿಟ್ಟಲ್ಲ, ಸಂಕಟ."

ನಾಜಮೀನ ಕುರ್ಚಿಯ ತುದಿಗೆ ಬಂದು ಕುಳಿತಿದ್ದಳು. ಒಂದೊಂದು ಮಾತೂ ಅವಳೊಳಗೆ ಹೋಗಿ ತನ್ನ ಜಾಗದಲ್ಲಿ ಕೂರುತ್ತಿತ್ತು. ಎಷ್ಟೋ ವರ್ಷ ಬೇರೆಯವರ ಮನೆಯಲ್ಲಿ ಇದ್ದವಳನ್ನು ಯಾರೋ ಹೆಸರು ಹಿಡಿದು ಕರೆದಂತಾಯಿತು.

"ಸಾಹೇಬ್ರ, ಇದು ನನಗೂ ಐತ್ರಿ," ಎಂದಳು.

ಡಾಕ್ಟರು ಮುಗುಳ್ನಕ್ಕರು. "ಇಲ್ಲಮ್ಮ. ಇದು ಹೆಚ್ಚಾಗಿ ಗಂಡುಹುಡುಗರಿಗೆ ಬರೋದು. ನೀವು ಮದುವೆಯಾಗಿ ಸಂಸಾರ ಮಾಡ್ತಿದ್ದೀರಿ. ನನ್ನ ಎದುರು ಕೂತು ಇಷ್ಟು ಚೆನ್ನಾಗಿ ಮಾತಾಡ್ತಿದ್ದೀರಿ, ನಗ್ತೀರಿ."

"ನಗೂದು ಕಲ್ತದ್ದರಿ."

ಮದರಬಿಗೆ ಧೈರ್ಯ ಬಂತು. "ಖರೇ ಐತ್ರಿ ಸಾಹೇಬ್ರ. ಇಕೀನೂ ಸಣ್ಣಾಕಿ ಇದ್ದಾಗ ಹಿಂಗಽ ಇದ್ಲು. ಯಂತ್ರದ ಸದ್ದಿಗೆ ಗಾದಿ ಒಳಗ ಹೊಕ್ಕೊಂಡು ಕುಂದ್ರತಿದ್ಲು. ಯಾರರ ಎತ್ತಿಕೊಂಡ್ರ ಚೀರತಿದ್ಲು."

"ಮಾತು ಯಾವಾಗ ಬಂತು ಇವರಿಗೆ?"

"ಮಾತು ಭಾಳ ಲಗೂ ಬಂತ್ರಿ," ಎಂದಳು ಮದರಬಿ ಹೆಮ್ಮೆಯಿಂದ. "ನನ್ನ ಮಕ್ಕಳೊಳಗ ಎಲ್ಲಾರಕ್ಕಿಂತ ಲಗೂ."

"ನೋಡಿ, ಹಾಗಾದ್ರೆ ಇದು ಅದಲ್ಲ," ಎಂದರು ಡಾಕ್ಟರು.

ಹೊರಟಾಗ ಇಲಿಯಾಸನನ್ನು ಒಬ್ಬನನ್ನೇ ನಿಲ್ಲಿಸಿಕೊಂಡರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಾಜಮೀನಳ ಕಿವಿಗೆ ಎಲ್ಲವೂ ಬಿತ್ತು. ಇಂಥ ತೊಂದರೆ ಇದ್ದವರು ಬೇರೆಯವರ ಕಾಯಿಲೆಯನ್ನು ತಮ್ಮದೆಂದು ಹಚ್ಚಿಕೊಳ್ಳುವುದುಂಟು, ಮಗನ ಕಡೆ ಎಲ್ಲರ ಗಮನ ಹೋಯಿತಲ್ಲ ಅದಕ್ಕೆ. ಹುಡುಗನಿಗೆ ಶಾಂತವಾದ ಮನೆ ಬೇಕು, ತಾಯಿಯ ಮನಸ್ಸು ಹೊಯ್ದಾಡುತ್ತಿದ್ದರೆ ಅವನಿಗೆ ಒಳ್ಳೆಯದಲ್ಲ. ಯೋಚನೆ ಮಾಡಿ.

ಯೋಚನೆ ಮಾಡಿದ್ದು ಖಾಜಾಬಿ. ಆ ವರ್ಷವೇ ಹಿರಿಯರನ್ನು ಕೂಡಿಸಿದಳು. ಜಮಾತಿನ ಇಸ್ಮಾಯಿಲಸಾಬ ಮತ್ತು ಇನ್ನಿಬ್ಬರು ಪಡಸಾಲೆಯಲ್ಲಿ ಕುಳಿತರು. ಜಂಗ್ಲಿಸಾಬನೂ ಬಂದಿದ್ದ. ಮಾತು ತಲಾಖಿನದಲ್ಲ. ಸೊಸೆ ತವರಿನಲ್ಲಿರಲಿ, ಹುಡುಗ ಇಲ್ಲಿರಲಿ ಎಂದಷ್ಟೇ. ಇಸ್ಮಾಯಿಲಸಾಬ ವಯಸ್ಸಾದವನು, ಸಮಾಧಾನಿ. ಒಬ್ಬರ ಮಾತು ಕೇಳಿ ತೀರ್ಪು ಕೊಡುವುದು ಅವನಿಗೆ ಒಗ್ಗದು. ನಾಜಮೀನಳನ್ನು ಕರೆಸಿದ.

"ಮಗಳ, ನಿಂದೇನ ಐತಿ ಹೇಳು. ಅಂಜಬ್ಯಾಡ."

ಅವಳು ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಹುಡುಗನಿಗೆ ನಾನು ಬೇಕು, ಅವನ ಸಂಕಟ ನನಗೆ ತಿಳಿಯುತ್ತದೆ, ನಾನೂ ಅವನ ಹಾಗೇ. ಆದರೆ ತಲೆಯ ಮೇಲೆ ಪಂಖಾ ಕಟಕಟ ಎನ್ನುತ್ತಿತ್ತು. ಐದಾರು ಗಂಡಸರ ಕಣ್ಣು ಅವಳ ಮೇಲಿತ್ತು. ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು. ಏನೂ ತೋಚದಾಗ ಇಷ್ಟು ವರ್ಷ ಅವಳನ್ನು ಕಾಯ್ದದ್ದು ಒಂದೇ. ಅದು ತಾನಾಗಿ ಬಂದುಬಿಟ್ಟಿತು. ನಾಜಮೀನ ಬಾಯಿಗೆ ಸೆರಗು ಹಿಡಿದು, ಕೌಸರಳ ಹಾಗೆ ನಕ್ಕಳು.

ಇಸ್ಮಾಯಿಲಸಾಬ ಮುಖ ತಿರುಗಿಸಿದ. "ಮಗನ್ನ ಬಿಟ್ಟು ಹೋಗೂ ಹೊತ್ತಿನ್ಯಾಗ ನಗತಾಳಲ್ಲಪಾ," ಎಂದು ಮೆಲ್ಲಗೆ ಜಂಗ್ಲಿಸಾಬನಿಗೆ ಹೇಳಿದ. ಜಂಗ್ಲಿಸಾಬನಿಗೆ ಮಗಳ ನಗು ಎಂಥದೆಂದು ಗೊತ್ತಿತ್ತು. ಅದನ್ನು ಹೇಳುವ ಮಾತು ಗೊತ್ತಿರಲಿಲ್ಲ.

ಅವಳನ್ನು ಅದೇ ಸಂಜೆ ಗಜೇಂದ್ರಗಡದ ಬಸ್ಸಿಗೆ ಹತ್ತಿಸಿದರು. ಸಲ್ಮಾನ ಚಪ್ಪಲಿ ಸಾಲು ಮಾಡುತ್ತಿದ್ದ. ತಲೆ ಎತ್ತಲಿಲ್ಲ.

ತವರಿಗೆ ಬಂದವಳು ಮಾತು ಬಿಟ್ಟಳು. ಗುಳಿಗೆ ಕೊಟ್ಟರೆ ನುಂಗುತ್ತಿದ್ದಳು, ಊಟ ಕೊಟ್ಟರೆ ಉಣ್ಣುತ್ತಿದ್ದಳು. ಜಂಗ್ಲಿಸಾಬ ಯಾರಿಗೂ ಕಾರಣ ಹೇಳದೆ ಅರಳೆಯ ಯಂತ್ರವನ್ನು ಕಿತ್ತು ಬಸ್‌ಸ್ಟ್ಯಾಂಡಿನ ಕಡೆಯ ಬಾಡಿಗೆ ಗೂಡಂಗಡಿಗೆ ಒಯ್ದ. ಆ ಕಡೆ ರೋಣದಲ್ಲಿ, ಹುಡುಗನ ಚೀರಾಟ ತಾಳಲಾರದೆ ಖಾಜಾಬಿ ಅವನನ್ನು ಮೆಣಸಗಿಗೆ, ಮಗಳು ಮಾಬೂಬಿಯ ಮನೆಗೆ ಕಳಿಸಿದಳು. ಹೊಲದ ಮನೆ, ಜನ ಕಡಿಮೆ, ಅಲ್ಲಿ ಸುಮ್ಮನಿರುತ್ತಾನೆ ಎಂದಳು. ಮಾಬೂಬಿ ತನಗೆ ತಿಳಿದಷ್ಟು ನೋಡಿಕೊಂಡಳು. ಒಣ ರೊಟ್ಟಿ ಮಾತ್ರ ತಿನ್ನುತ್ತಾನೆ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹುಡುಗ ಕಡ್ಡಿಯಾದ.

ಎರಡು ಸಾವಿರದ ಒಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಮಲಪ್ರಭೆ ದಂಡೆ ಮೀರಿತು. ಮೆಣಸಗಿಗೆ ನೀರು ನುಗ್ಗಿದ ದಿನ ಜನ ಉಟ್ಟ ಬಟ್ಟೆಯಲ್ಲಿ ಎತ್ತರದ ಊರಿನ ಒಂದು ಸಾಲಿಯ ಕಟ್ಟಡಕ್ಕೆ ಬಂದು ಬಿದ್ದರು. ಒಂದೊಂದು ಕೋಣೆಯಲ್ಲಿ ಹತ್ತಾರು ಸಂಸಾರ. ಹೊರಗೆ ಮೈಕು, ಒಳಗೆ ಅಳು, ಹೆಂಚಿನ ಮೇಲೆ ಮಳೆ. ಆರು ವರ್ಷದ ಸಲ್ಮಾನ ಬಂದ ಗಳಿಗೆಯಿಂದ ಚೀರತೊಡಗಿದ. ಕಿಟಕಿಯ ಕಬ್ಬಿಣಕ್ಕೆ ಹಣೆ ಜಜ್ಜಿಕೊಂಡ. ನೀರಿನ ಕಡೆ ಓಡಿದ. ಕಡೆಗೆ ಮಾಬೂಬಿ ತನ್ನ ಸೀರೆಯ ಸೆರಗು ಹರಿದು ಅವನನ್ನು ಬೆಂಚಿಗೆ ಕಟ್ಟಿದಳು.

ಇಲಿಯಾಸ ಕೆಸರಿನಲ್ಲಿ ಹಾದು ಅಲ್ಲಿಗೆ ಮುಟ್ಟಿದಾಗ ಕಂಡದ್ದು ಅದು. ಬಿಚ್ಚಲು ಹೋದ. ಹುಡುಗ ಅವನ ಕೈ ಕಚ್ಚಿದ. ಬಿಸ್ಕೀಟು ತೋರಿಸಿದ, ಹಾಡಿದ, ಬೈದ. ಪಕ್ಕದವರು, "ಒಂದಽ ಸವನ ಚೀರಾಕತ್ತೈತಿ, ಹೊರಗರ ಒಯ್ಯಪಾ," ಎಂದರು. ಇಲಿಯಾಸ ಗೋಡೆಗೆ ಆತು ಸ್ವಲ್ಪ ಹೊತ್ತು ನಿಂತ. ಆಮೇಲೆ ಯಾರಿಗೂ ಹೇಳದೆ ಹೊರಬಿದ್ದು, ಒಂದಷ್ಟು ನಡೆದು, ಒಂದಷ್ಟು ಲಾರಿ ಹತ್ತಿ ಗಜೇಂದ್ರಗಡ ಸೇರಿದ.

ಅಂಗಳದಲ್ಲಿ ನಿಂತೇ ಹೇಳಿದ. "ನಾಜೂ, ಹುಡುಗ ಸಾಯಾಕತ್ತಾನ. ಬಾ."

ನಾಜಮೀನ ಎದ್ದಳು. ಮದರಬಿ ಗುಳಿಗೆಯ ಪೊಟ್ಟಣ ತಂದುಕೊಟ್ಟಾಗ ದೂಡಿದಳು. "ನುಂಗಿದ್ರ ನಿದ್ದಿ ಬರತೈತಿ. ಅಲ್ಲಿ ನಾ ಎಚ್ಚರ ಇರಬೇಕು." ಅಟ್ಟದಿಂದ ಒಂದು ಭಾರವಾದ ಗಾದಿಯನ್ನು ಇಳಿಸಿ ಸುತ್ತಿದಳು. ಇಲಿಯಾಸ ಅದನ್ನು ಹೊತ್ತ.

ಸಾಲಿಯ ಬಾಗಿಲಲ್ಲಿ ಅವಳ ಕಾಲು ನಿಂತುಹೋಯಿತು. ನಿಶ್ಚಿತಾರ್ಥದ ದಿನದ ಸದ್ದು ಇದರ ಮುಂದೆ ಏನೂ ಅಲ್ಲ. ಮುಂಗೈ ತಾನಾಗಿ ಬಾಯಿಗೆ ಹೋಯಿತು. ಆಗ ಆ ಎಲ್ಲ ಸದ್ದಿನ ನಡುವೆ, ಎಲ್ಲಿಂದಲೋ, ಒಡೆದ ದನಿಯೊಂದು ಒಂದೇ ಏರಿಳಿತದಲ್ಲಿ ಚೀರುವುದು ಕೇಳಿಸಿತು. ಅವಳು ಕೈ ಇಳಿಸಿ ಆ ದನಿಯನ್ನೇ ಹಿಡಿದುಕೊಂಡು ಜನರ ಮೇಲೆ ಕಾಲಿಡುತ್ತ ನಡೆದಳು. ಯಾರನ್ನೂ ಮಾತಾಡಿಸಲಿಲ್ಲ. ಗಂಟು ಬಿಚ್ಚಿ, ಮಾಸ್ತರರ ಮೇಜಿನ ಕೆಳಗೆ ಹುಡುಗನನ್ನು ಸರಿಸಿ, ತಾನೂ ತೂರಿಕೊಂಡು, ಗಾದಿಯನ್ನು ಇಬ್ಬರ ಮೇಲೂ ಎಳೆದುಕೊಂಡಳು. ಅವನ ಬೆನ್ನಿಗೆ ಬೆನ್ನು ಕೊಟ್ಟು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ಅವನು ಇನ್ನೂ ಬಹಳ ಹೊತ್ತು ಚೀರಿದ. ಮತ್ತೆ ಬಿಟ್ಟು ಬಿಟ್ಟು ಚೀರಿದ. ಆಮೇಲೆ ಬಿಕ್ಕಿದ. ಆಮೇಲೆ ಗಾದಿ ಏರಿಳಿಯುವುದಷ್ಟೇ ಕಾಣುತ್ತಿತ್ತು.

ಮಾಬೂಬಿ ಹರಿದ ಸೀರೆಯಲ್ಲಿ ಮೇಜಿನ ಮುಂದೆ ಕುಸಿದು ಕುಳಿತಳು. ಅವಳ ಮನೆ ನೀರಿನಲ್ಲಿ ಕರಗಿಹೋಗಿತ್ತು. "ಕಟ್ಟಲಾರದ ಏನ ಮಾಡ್ಲೆವಾ? ನೀರಿಗೆ ಹೊಂಟಿದ್ದ," ಎಂದು ಗಾದಿಗೆ ಹೇಳಿದಳು. ಒಳಗಿನಿಂದ ನಾಜಮೀನಳ ದನಿ ಬಂತು: "ಕಟ್ಟಿದ್ದಕ್ಕ ಉಳದಾನ."

ನೀರು ಇಳಿದ ಮೇಲೆ ಇಲಿಯಾಸ ಅವರನ್ನು ರೋಣಕ್ಕೆ ಕರೆದ. ನಾಜಮೀನ ಬರುವುದಿಲ್ಲ ಎಂದಳು. "ಅಲ್ಲಿ ಕುಕ್ಕರ್ ಐತಿ, ಟೀವಿ ಐತಿ, ನಿಮ್ಮವ್ವ ಅದಾರ. ನಮ್ಮಿಬ್ಬರಿಗೂ ಆಗಂಗಿಲ್ಲ." ಅವನು ಒತ್ತಾಯ ಮಾಡಲಿಲ್ಲ. ನರಗುಂದದ ಕಡೆಯಿಂದ ಅವನಿಗೆ ಎರಡನೆಯ ಸಂಬಂಧದ ಮಾತು ಆಗಲೇ ನಡೆದಿತ್ತು. ಹುಡುಗ ಗಜೇಂದ್ರಗಡಕ್ಕೆ ಬಂದ.

ಆ ಆರು ತಿಂಗಳು ಚೆನ್ನಾಗಿದ್ದವು ಎಂದೇ ಹೇಳಬೇಕು. ನಾಜಮೀನ ಗುಳಿಗೆಯನ್ನು ಮತ್ತೆ ಮುಟ್ಟಲಿಲ್ಲ. ತಲೆಯ ಮಂಜು ಕರಗಿತು. ಸಲ್ಮಾನ ಅವಳ ಕೈಯಲ್ಲಿ ಒಣ ರೊಟ್ಟಿ ತಿಂದ, ಮೈ ತುಂಬಿಕೊಂಡ. ಅವಳು ಗಾದಿಗೆ ಹೊಲಿಗೆಯ ಟಾಕು ಹಾಕುವಾಗ ಪಕ್ಕದಲ್ಲಿ ಕುಳಿತು ದಾರದ ಉಂಡೆ ಸಾಲಿಡುತ್ತಿದ್ದ. ಒಂದು ದಿನ ಬಿಳಿಯ ಉಂಡೆ ಎತ್ತಿ ಕೊಟ್ಟು, "ದಾರ," ಎಂದ. ಅವನ ಮೊದಲ ಮಾತು. ಮದರಬಿ ಅತ್ತು ಓಣಿಗೆಲ್ಲ ಸಕ್ಕರೆ ಹಂಚಿದಳು. ನಾಜಮೀನ ದಾರ ಪೋಣಿಸಿ ಟಾಕು ಮುಂದುವರಿಸಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ಆ ದಿನ ಅವಳು ಊಟಕ್ಕೂ ಏಳದೆ ಬಿಳಿಯ ದಾರದಲ್ಲೇ ಹೊಲಿದಳು.

ಬೇಸಿಗೆಯಲ್ಲಿ ಹುಡುಗನನ್ನು ಡಾಕ್ಟರಿಗೆ ತೋರಿಸುವ ಸಮಯ ಬಂತು. ಇಲಿಯಾಸ ರೋಣದಿಂದ ಬಂದ, ಜಂಗ್ಲಿಸಾಬ ಜೊತೆಗೆ ಹೋದ. ಡಾಕ್ಟರಿಗೆ ಹುಡುಗನನ್ನು ನೋಡಿ ಖುಷಿಯಾಯಿತು.

"ಇಷ್ಟು ಸುಧಾರಿಸಿದ್ದಾನಲ್ಲ! ಯಾರು ಕಲಿಸ್ತಿದ್ದಾರೆ ಇವನಿಗೆ?"

ಜಂಗ್ಲಿಸಾಬ ಮಗಳತ್ತ ಕೈ ತೋರಿದ.

"ಬಹಳ ಸಂತೋಷ. ತಾಯಿ ಸರಿಯಾಗಿದ್ರೆ ಮಗು ಸರಿಯಾಗ್ತದೆ. ಗುಳಿಗೆಯಿಂದ ನಿಮ್ಮ ಮನಸ್ಸು ಎಷ್ಟು ನೆಲೆಗೆ ಬಂದಿದೆ ನೋಡಿ. ತಪ್ಪದೆ ತಗೊಳ್ತಿದ್ದೀರಲ್ಲ?"

ಜಂಗ್ಲಿಸಾಬ ಮಗಳ ಮುಖ ನೋಡಿದ. ಒಂದು 'ಹೌದ್ರಿ' ಸಾಕಾಗಿತ್ತು.

"ಇಲ್ರಿ," ಎಂದಳು ನಾಜಮೀನ. "ನೆರಿ ಬಂದಾಗಿನಿಂದ ನುಂಗಿಲ್ರಿ."

ಡಾಕ್ಟರ ಮುಖದ ನಗು ಹೋಯಿತು. ಅವರು ಸಿಟ್ಟಾಗಲಿಲ್ಲ. ಚಿಂತೆಯಿಂದಲೇ ಇಲಿಯಾಸನಿಗೆ ವಿವರಿಸಿದರು. ಚೆನ್ನಾಗಿದೆ ಅನಿಸಿದಾಗ ನಿಲ್ಲಿಸಿಬಿಡುವುದು ಇವರ ಲಕ್ಷಣವೇ. ಯಾವಾಗ ಏನು ಮಾಡಿಕೊಂಡಾರೋ ಹೇಳಲಾಗದು. ಅಂಥವರ ಕೈಯಲ್ಲಿ ಈ ಹುಡುಗನನ್ನು ಬಿಡುವುದು ಅಪಾಯ. ಒಬ್ಬರು ಎದುರು ನಿಂತು ನುಂಗಿಸಬೇಕು. ಆಗದಿದ್ದರೆ ಹುಡುಗನಿಗೆ ಬೇರೆ ವ್ಯವಸ್ಥೆ ನೋಡಿ.

ಏನು ಹೇಳಿದರೂ ಅದು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ನಾಜಮೀನಳಿಗೆ ಈಗ ತಿಳಿದಿತ್ತು.

ಹೊರಗೆ ಬಂದ ಮೇಲೆ ಇಲಿಯಾಸ ಮಾವನಿಗೆ ಹೇಳಿದ, "ನೀವು ಖುದ್ದ ನುಂಗಸ್ರಿ ಮಾಮಾ. ಇಲ್ಲಂದ್ರ ನಮ್ಮವ್ವ ಮತ್ತ ಜಮಾತ ಕೂಡಸ್ತಾಳ. ಮತ್ತ ಎಲ್ಲಿ ಇಡೂದು ಹುಡುಗನ್ನ?"

ಆ ಸಂಜೆ ಮಗರಿಬ್ ನಮಾಜು ಮುಗಿಸಿ ಬಂದ ಜಂಗ್ಲಿಸಾಬ ಒಂದು ಲೋಟ ನೀರು ತುಂಬಿಕೊಂಡು ಮಗಳ ಮುಂದೆ ಕುಳಿತ. ಅಂಗೈಯಲ್ಲಿ ಗುಳಿಗೆ. ಬಹಳ ಹೊತ್ತು ಕೊಡಲಿಲ್ಲ.

"ಬಾಯಾಗ ಇಟ್ಕೊ. ಆಮ್ಯಾಲ ಬಚ್ಚಲಕ್ಕ ಹೋಗಿ ಉಗುಳಿ ಬಿಡು," ಎಂದ ದನಿ ತಗ್ಗಿಸಿ. "ನುಂಗಿದ್ಲು ಅಂತ ನಾ ಹೇಳ್ತೀನಿ."

"ಡಾಕ್ಟರ್ ನನ್ನಽ ಕೇಳಿದ್ರ?"

"ನುಂಗೀನಿ ಅನ್ನು."

ಅವಳು ಪ್ರಯತ್ನಿಸಿದಳು. ಅದು ಜಂಗ್ಲಿಸಾಬನಿಗೆ ಕಂಡಿತು. ತುಟಿ ಅಲುಗಾಡಿತು. ಹಿತ್ತಿಲಲ್ಲಿ ನಿಂತು ಹುಬ್ಬೇರಿಸುವುದನ್ನು ಕಲಿತವಳು, ನಗುವುದನ್ನು ಕಲಿತವಳು, ಇದನ್ನೊಂದು ಕಲಿಯಲಾರಳೇ ಎಂದು ಅವನು ಕಾದ.

"ಬರವಲ್ದಪಾ," ಎಂದಳು ಕಡೆಗೆ.

ಕೈ ಚಾಚಿ ಗುಳಿಗೆ ತೆಗೆದುಕೊಂಡು ನುಂಗಿದಳು. ಜಂಗ್ಲಿಸಾಬ ಲೋಟ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ನಿಂತ.

ಮರುದಿನದಿಂದ ಅವಳ ಟಾಕು ಸೊಟ್ಟಗಾಗತೊಡಗಿತು. ಮಧ್ಯಾಹ್ನವೇ ಕಣ್ಣು ಎಳೆಯುತ್ತಿತ್ತು. ಸೂಜಿ ಹಿಡಿದಂತೆಯೇ ಗಾದಿಯ ಮೇಲೆ ಒರಗುತ್ತಿದ್ದಳು. ಸಲ್ಮಾನ ದಾರದ ಉಂಡೆ ಅವಳ ಮುಖದ ಹತ್ತಿರ ಹಿಡಿದು, "ದಾರ," ಎನ್ನುತ್ತಿದ್ದ. ಉತ್ತರ ಬಾರದಿದ್ದಾಗ ಮತ್ತೆ, "ದಾರ." ಹಾಗೆ ಅನ್ನುತ್ತ ಅನ್ನುತ್ತ ದನಿ ಏರುತ್ತಿತ್ತು. ಆಗ ಒಳಗಿನಿಂದ ಮದರಬಿ ಓಡಿಬಂದು ಮಗಳ ಭುಜ ಅಲುಗಿಸು‌ತ್ತಿದ್ದಳು. "ಏಳವಾ, ಏಳು. ಕೂಸು ಕರಿಯಾಕತ್ತೈತಿ."